ಹಲಗೆಗಳ ಹಿಂದಿನ ಜಾಗ

ಜೂನ್ 8, ಭಾನುವಾರ

ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದೆ. ಹಾಡುವವಳು ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಇಷ್ಟು ಸಾಕು. ಗಾರೆ ನೆಲದ ಮೇಲೆ ಕುರ್ಚಿಯ ಕಾಲುಗಳಿಗೆ ಸೀಮೆಸುಣ್ಣದಿಂದ ಹೊಸ ಗುರುತು ಹಾಕಿದ್ದೇನೆ. ನೆಲ ಒರೆಸುವಾಗ ಅಳಿಸಬಾರದೆಂದು ಪ್ರಮೀಳಾಗೆ ಹೇಳಬೇಕು.

ಈ ಸ್ಪೀಕರುಗಳು ಮನೆಗೆ ಬಂದು ಎರಡು ವರ್ಷ. ಮೈಸೂರಿನ ನಿವೃತ್ತ ಎಂಜಿನಿಯರೊಬ್ಬರು ಮನೆ ಬದಲಿಸುವಾಗ ಕೊಟ್ಟದ್ದು. ಪೆಟ್ಟಿಗೆಯಿಲ್ಲ. ಆಳೆತ್ತರದ ಎರಡು ಚಪ್ಪಟೆ ಹಲಗೆ, ಮೇಲೆ ಕೆನೆಬಣ್ಣದ ಬಟ್ಟೆ. ಒಳಗೆ ಈರುಳ್ಳಿ ಸಿಪ್ಪೆಯಂಥ ತೆಳು ಹಾಳೆ, ಅದಕ್ಕೆ ಅಂಟಿಸಿದ ಸಣ್ಣ ತಂತಿ, ಹಿಂದೆ ಅಯಸ್ಕಾಂತಗಳ ಸಾಲು. ಇಡೀ ಹಾಳೆಯೇ ನಡುಗಿ ಹಾಡುತ್ತದೆ. ಅದಕ್ಕೇ ಧ್ವನಿ ಡಬ್ಬಿಯೊಳಗಿಂದ ಬಂದಂತಿರುವುದಿಲ್ಲ. ಹಾಡುವವಳು ತುಟಿ ಬಿಡಿಸುವುದು, ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ತಂಬೂರಿಯ ನಾಲ್ಕು ತಂತಿಗಳನ್ನು ಬೇರೆಬೇರೆಯಾಗಿ ತೋರಿಸಬಹುದು.

ದೋಷಗಳೂ ಇವೆ. ಮೃದಂಗದ ಎಡಮುಖ ಕಾಗದ ತಟ್ಟಿದಂತೆ. ತಮಟೆಯಂತೂ ದೂರದ ಬೀದಿಯದ್ದು. ಆಂಪ್ಲಿಫೈಯರು ಒಲೆಯ ಹಾಗೆ ಕಾಯುತ್ತದೆ. ಮುಂದಕ್ಕೆ ಎಷ್ಟು ಹಾಡುತ್ತವೋ ಹಿಂದಕ್ಕೂ ಅಷ್ಟೇ ಹಾಡುತ್ತವೆ, ಹಾಗಾಗಿ ಗೋಡೆಯಿಂದ ಒಂದು ಮಾರು ದೂರ, ನಡುಮನೆಯ ಮಧ್ಯಕ್ಕೇ ತಂದು ನಿಲ್ಲಿಸಬೇಕು. ಮತ್ತು ಸರಿಯಾಗಿ ಕೇಳುವುದು ಒಂದೇ ಕುರ್ಚಿಗೆ. ತಲೆ ಸ್ವಲ್ಪ ವಾಲಿದರೂ ಹಾಡುವವಳು ಓಡಿಹೋಗಿ ಒಂದು ಕಡೆಯ ಹಲಗೆಗೆ ಅಂಟಿಕೊಳ್ಳುತ್ತಾಳೆ.

ಬೆಳಿಗ್ಗೆ ಲೋಕೇಶ್ ಬಂದಿದ್ದ. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಅವನು ಇತಿಹಾಸ ಹೇಳುತ್ತಾನೆ, ನಾನು ಭೌತಶಾಸ್ತ್ರ. ನಿಂತುಕೊಂಡೇ ಕೇಳಿದ. "ಏನ್ಲಾ ಶಂಕ್ರ, ಎರಡ್ ಬಾಗ್ಲು ಮಡಗ್ಕಂಡು ಒಂದೇ ಕುರ್ಚಿ ಹಾಕಿದೀಯ. ಸಲೂನ್‌ನಾಗೂ ಕಾಯೋರ್ಗೆ ಅಂತ ಬೆಂಚು ಇರ್ತದೆ ಕಣ್ಲಾ" ಎಂದ. ಅವನಿಗೆ ಎದೆ ಗುದ್ದುವ ಪೆಟ್ಟಿಗೆಗಳೇ ಬೇಕು.

ಹಲಗೆಗಳ ಹಿಂದೆ, ಕಿಟಕಿಯ ಕಡೆ ಉಳಿದ ಓಣಿಯಂಥ ಜಾಗವನ್ನು ಪ್ರಮೀಳಾ ಇಟ್ಟುಕೊಂಡಿದ್ದಾಳೆ. ಒಂದು ಮೇಜು, ಪುಸ್ತಕದ ಬೀರು, ಉತ್ತರಪತ್ರಿಕೆಗಳ ಕಟ್ಟುಗಳು, ನೆಂಟರು ಬಂದರೆ ಹಾಸುವ ಹತ್ತಿಯ ಹಾಸಿಗೆಗಳ ಸುರುಳಿ. ಪಾಂಡವಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುವವಳಿಗೆ ಈ ವರ್ಷ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ. ಈ ವಾರ ಕೌನ್ಸೆಲಿಂಗ್. ಖಾಲಿ ಇರುವುದು ಪಾಲಹಳ್ಳಿ, ದೇವಲಾಪುರ. ಪಾಲಹಳ್ಳಿಯಾದರೆ ಇಲ್ಲಿ ಶ್ರೀರಂಗಪಟ್ಟಣದ ಮನೆಗೆ ದಿನಾ ಸಂಜೆ ಬರಬಹುದು. ದೇವಲಾಪುರ ನಾಗಮಂಗಲದ ಕಡೆ, ಅಲ್ಲೇ ಮನೆ ಮಾಡಬೇಕು.

ಯಾವುದು ತಗೊಳ್ಳಲಿ ಎಂದು ಮಧ್ಯಾಹ್ನ ಕೇಳಲು ಬಂದಳು. ಆಲಾಪನೆ ನಡೆಯುತ್ತಿತ್ತು. ನಾನು ಅಂಗೈ ಎತ್ತಿದೆ. ನಮ್ಮ ಮನೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು, ಈಗ ಮೈಸೂರಿನ ಹಾಸ್ಟೆಲಿನಲ್ಲಿರುವ ಮಗಳಿಗೂ. ಪ್ರಮೀಳಾ ಮುಗಿಯುವವರೆಗೆ ನಿಂತಿದ್ದು ಮತ್ತೆ ಕೇಳಿದಳು.

"ನಿನ್ನಿಷ್ಟ" ಎಂದೆ.

ಯಾರ ಮೇಲೂ ಏನನ್ನೂ ಹೇರಿದವನಲ್ಲ ನಾನು.

ಜೂನ್ 13

ದೇವಲಾಪುರ ತೆಗೆದುಕೊಂಡು ಬಂದಿದ್ದಾಳೆ. ಊಟಕ್ಕೆ ಕೂತಾಗ ಹೇಳಿದಳು, ಸಾರಿಗೆ ಉಪ್ಪು ಸಾಕೇ ಎಂದು ಕೇಳುವ ಧ್ವನಿಯಲ್ಲಿ.

"ಪಾಲಹಳ್ಳಿ ಇತ್ತಲ್ಲ?"

"ಇತ್ತು."

"ಮತ್ತೆ?"

"ನನ್ನಿಷ್ಟ ಅಂದ್ರಲ್ಲ."

ಇದರಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ.

ಜೂನ್ 22, ಭಾನುವಾರ

ಗೂಡ್ಸ್ ಆಟೋ ಬೆಳಿಗ್ಗೆಯೇ ಬಂತು. ಬೀರು ಹೊರಗೆ ಹೋಗುವಾಗ ತಗುಲದಿರಲೆಂದು ಒಂದು ಹಲಗೆಯನ್ನು ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಇನ್ನೊಂದನ್ನು. ಹೀಗಾಗಿ ಸಾಮಾನು ಹೊರಲು ಕೈ ಕೊಡಲಾಗಲಿಲ್ಲ. ಬೀರು, ಹಾಸಿಗೆಗಳು, ಪತ್ರಿಕೆಗಳ ಕಟ್ಟು, ಸೀರೆಯ ಪೆಟ್ಟಿಗೆ ಹೋದವು. ಮೇಜನ್ನೂ ಅದರ ಕುರ್ಚಿಯನ್ನೂ ಬಿಟ್ಟಳು. ಸ್ಕೂಲಿನಲ್ಲಿ ಮೇಜು ಇದ್ದೇ ಇರುತ್ತದಂತೆ.

ಹೊರಡುವಾಗ ಬಾಗಿಲಲ್ಲಿ ನಿಂತು, "ಇನ್ಮೇಲೆ ಇವುಗಳ ಮೇಲೆ ಒದ್ದೆ ಟವಲು ಹಾಕೋರು ಯಾರೂ ಇಲ್ಲ, ನೆಮ್ಮದಿಯಾಗಿರಿ" ಎಂದು ನಕ್ಕಳು. ಮೊದಲ ವರ್ಷ ಒಮ್ಮೆ ಹಾಕಿದ್ದಳು. ಹಾಳೆಗೆ ತಂತಿ ಅಂಟಿಸಿರುವ ಅಂಟಿಗೆ ತೇವ ಆಗದು. ನಾನೇನೂ ಕೂಗಾಡಿರಲಿಲ್ಲ. ಟವಲನ್ನು ಮಡಿಸಿ ಅವಳ ಮೇಜಿನ ಮೇಲಿಟ್ಟಿದ್ದೆ, ಅಷ್ಟೇ. ಆಮೇಲೆ ಎರಡು ದಿನ ಮಾತಾಡಲಿಲ್ಲ ಎಂದು ಅವಳು ಹೇಳುತ್ತಾಳೆ. ನನಗೆ ನೆನಪಿಲ್ಲ.

ಮನೆ ಈಗ ಶಾಂತವಾಗಿದೆ. ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸ್ಥಿತಿ ಇಲ್ಲ.

ಜೂನ್ 24

ಧ್ವನಿ ಇಂದು ಸ್ವಲ್ಪ ಹೆಚ್ಚು ಪ್ರಖರ.

ಜುಲೈ 1

ಪ್ರಖರವಲ್ಲ, ಕರ್ಕಶ. ಹಾಡುವವಳು 'ಸ' ಎಂದರೆ ಚಾಕು ಮಸೆದಂತಾಗುತ್ತದೆ. ವೀಣೆಯ ಮೀಟು ಕಿವಿಗೆ ಚುಚ್ಚುತ್ತದೆ. ತಂತಿಗಳನ್ನು ಬಿಚ್ಚಿ ಒರೆಸಿ ಮತ್ತೆ ಬಿಗಿದೆ. ಗುರುತಿಗೆ ಸರಿಯಾಗಿ ಕುರ್ಚಿ ಇದೆ. ಹಲಗೆಗಳು ಕೂದಲೆಳೆಯಷ್ಟೂ ಕದಲಿಲ್ಲ.

ನದಿಯ ತೇವ ಇರಬಹುದು. ಹೊಳೆ ತುಂಬಿದೆ. ಅಸ್ಥಿ ಬಿಡಲು ಬಂದ ಯಾರೋ ಬೀದಿಯಲ್ಲಿ ದಾರಿ ಕೇಳುತ್ತಿದ್ದರು. ಕಿಟಕಿಯಿಂದ ಅವರ ಮಾತು ಎಷ್ಟು ಸ್ಪಷ್ಟವಾಗಿ ಒಳಗೆ ಬಂತೆಂದರೆ ನಾನೇ ಎದ್ದು ಹೋಗಿ ದಾರಿ ಹೇಳಿದೆ. ಮೊದಲು ಬೀದಿಯ ಮಾತು ಇಷ್ಟು ಒಳಕ್ಕೆ ಬರುತ್ತಿರಲಿಲ್ಲ.

ಪ್ರಮೀಳಾ ಫೋನ್ ಮಾಡಿದ್ದಳು. ಊಟ ಆಯಿತೇ ಎಂದು ಕೇಳಿದಳು. ಸ್ಪೀಕರಿನ ವಿಷಯ ಹೇಳಿದೆ.

ಜುಲೈ 10

ಆಂಪ್ಲಿಫೈಯರನ್ನು ಮೈಸೂರಿಗೆ ಹೊತ್ತು ತೋರಿಸಿಕೊಂಡು ಬಂದೆ. ಏನೂ ಆಗಿಲ್ಲವಂತೆ. ಅಂಟು ಬಿಟ್ಟಿರಬಹುದೆಂದು ಹಲಗೆಗಳ ಬಟ್ಟೆ ಸರಿಸಿ ಟಾರ್ಚು ಹಾಕಿ ನೋಡಿದೆ. ಎಲ್ಲ ತಂತಿಗಳೂ ಜಾಗದಲ್ಲೇ ಇವೆ.

ಲೋಕೇಶನ ಪ್ರಕಾರ ಕಿವಿ ಹೋಗಿರುವುದು ನನ್ನದೇ. "ಮನೇಲ್ ಹೆಂಡ್ತಿ ಇಲ್ದೋರ್ಗೆ ಎಲ್ಲಾನೂ ಕರ್ಕಸವಾಗೇ ಕೇಳೋದು. ಹೋಗ್ ಕರ್ಕಂಬಾರ್ಲಾ" ಎಂದ ಸ್ಟಾಫ್ ರೂಮಿನಲ್ಲಿ. ಎಲ್ಲರೂ ನಕ್ಕರು. ಇದನ್ನು ಅವನಿಗೆ ಹೇಳಲೇ ಬಾರದಿತ್ತು.

ಜುಲೈ 20, ಭಾನುವಾರ

ನಿನ್ನೆಯಿಂದ ಮಳೆ ಬಿಟ್ಟಿಲ್ಲ. ವಾರದ ಬಟ್ಟೆ ಒಗೆದು, ಹೊರಗೆ ಹಾಕಲಾಗದೆ, ಕಿಟಕಿಯ ಸರಳಿಂದ ಬಾಗಿಲ ಮೊಳೆಗೆ ಹಗ್ಗ ಕಟ್ಟಿ ಹಲಗೆಗಳ ಹಿಂದಿನ ಜಾಗದಲ್ಲಿ ಹರವಿದೆ. ಎರಡು ದುಪ್ಪಟಿ, ಪಂಚೆ, ಅಂಗಿಗಳು. ಮನೆಯೆಲ್ಲ ಸೋಪಿನ ವಾಸನೆ. ಹಲಗೆಗಳಿಗೆ ತೇವ ತಟ್ಟದಷ್ಟು ದೂರವಿದೆ ಎಂದು ಖಾತ್ರಿ ಮಾಡಿಕೊಂಡೆ.

ಮಧ್ಯಾಹ್ನ ಅಭ್ಯಾಸಬಲದಿಂದ ವೀಣೆಯ ರೆಕಾರ್ಡು ಹಾಕಿದೆ.

ಸರಿಹೋಗಿತ್ತು. ಮೊದಲಿನ ಹಾಗೆಯೇ, ಬೆರಳು ತಂತಿಯಿಂದ ಬಿಡುವುದು ಬೇರೆ, ನಾದ ಏಳುವುದು ಬೇರೆ.

ಜುಲೈ 21

ಬಟ್ಟೆ ತೆಗೆದೆ, ಕರ್ಕಶ. ಹಾಕಿದೆ, ಇಂಪು. ಮತ್ತೆ ತೆಗೆದೆ.

ಕಾಲೇಜಿನಲ್ಲಿ ವರ್ಷವರ್ಷವೂ ಹುಡುಗರಿಗೆ ಪಾಠ ಮಾಡುವ ವಿಷಯ ಇದು. ಹಾಳೆ ಮುಂದಕ್ಕೆ ತಳ್ಳಿದಾಗ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹಿಂದೆ ಹೊರಟ ಧ್ವನಿ ಬರಿಯ ಗೋಡೆಗೆ ಬಡಿದು ವಾಪಸ್ಸು ಬಂದು ಮುಂದಿನದರ ಜೊತೆ ಜಗಳವಾಡುತ್ತದೆ. ಎರಡು ವರ್ಷ ಅಲ್ಲಿ ಬರಿಯ ಗೋಡೆ ಇರಲಿಲ್ಲ. ಹಾಸಿಗೆಗಳು ಒಂದಿಷ್ಟು ಹೀರುತ್ತಿದ್ದವು. ಸಾಲು ತಪ್ಪಿದ ಪುಸ್ತಕಗಳು, ಓರೆಕೋರೆ ಪತ್ರಿಕೆಯ ಕಟ್ಟುಗಳು ಒಂದಿಷ್ಟು ಚದುರಿಸುತ್ತಿದ್ದವು. ಯಾರೂ ಲೆಕ್ಕ ಹಾಕಿ ಇಟ್ಟದ್ದಲ್ಲ.

ಆ ಜಾಗವನ್ನು ಒಪ್ಪವಾಗಿ ಇಟ್ಟುಕೋ ಎಂದು ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ. ನನ್ನ ಮಾತು ಕೇಳಿದ್ದರೆ ಧ್ವನಿ ಕೆಡುತ್ತಿತ್ತು.

ಜುಲೈ 27, ಭಾನುವಾರ

ಸಂತೆಯಿಂದ ಒಂದು ಕಂಬಳಿ ತಂದು ಮೊಳೆಗಳಿಂದ ಗೋಡೆಗೆ ಹೊಡೆದೆ. ಕರ್ಕಶ ಹೋಯಿತು. ಆದರೆ ಈಗ ಹಾಡುವವಳು ಕಂಬಳಿ ಹೊದ್ದುಕೊಂಡೇ ಹಾಡಿದಂತಿದೆ. ಒಂದು ಮೊಳೆ ಸಡಿಲವಾಗಿತ್ತು. ಹಾಡು ಹಾಗೇ ಬಿಟ್ಟು ಅದನ್ನು ಬಿಗಿಯಲು ಹಿಂದೆ ಹೋದೆ. ಬಿಗಿದಾದ ಮೇಲೆ ಸೊಂಟ ಹಿಡಿದುಕೊಂಡಿತೆಂದು ಪ್ರಮೀಳಾಳ ಕುರ್ಚಿಯಲ್ಲಿ ಕೂತೆ.

ಎರಡು ವರ್ಷದಲ್ಲಿ ಮೊದಲ ಸಲ ಈ ಬದಿಯಿಂದ ಕೇಳಿದ್ದು. ಇಲ್ಲೂ ಎಲ್ಲ ಕೇಳುತ್ತದೆ. ಉಸಿರೂ ಕೇಳುತ್ತದೆ. ಆದರೆ ಎಡ ಬಲವಾಗಿದೆ. ವೀಣೆ ಬಲಕ್ಕೆ, ಮೃದಂಗ ಎಡಕ್ಕೆ. ಹಾಡುವವಳು ನನಗೆ ಬೆನ್ನು ಮಾಡಿಕೊಂಡು ಆ ಕಡೆಯವರಿಗೆ ಹಾಡುತ್ತಿದ್ದಾಳೆ ಅನ್ನಿಸುತ್ತದೆ.

ಬೆಳಕು ಉತ್ತರಪತ್ರಿಕೆಯ ಮೇಲೆ ಬೀಳಲೆಂದು ಅವಳು ಕಿಟಕಿಗೆ ಬೆನ್ನು ಹಾಕಿ, ನಡುಮನೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಹಾಗೆ ಕೂತರೆ ಎರಡು ಹಲಗೆಗಳ ಸಂದಿಯಲ್ಲಿ ಕಾಣುವುದು ನನ್ನ ಕುರ್ಚಿಯೊಂದೇ. ಸಂದಿ ಸರಿಯಾಗಿ ಅಷ್ಟೇ ಅಗಲ, ಅಳತೆ ತೆಗೆದು ಬಿಟ್ಟಂತೆ. ಬಿಟ್ಟವನು ನಾನೇ.

ಕೇಳುವಾಗ ನಾನು ಕಣ್ಣು ಮುಚ್ಚಿರುತ್ತೇನೆ.

ಅವಳು ಹಿಂದೆ ಇದ್ದಾಳೆ ಎಂದುಕೊಂಡಿದ್ದೆ. ಇಲ್ಲ, ಎದುರಿಗೇ ಇದ್ದಳು. ದಿನಾ ಸಂಜೆ, ಪತ್ರಿಕೆಯಿಂದ ತಲೆ ಎತ್ತಿದಾಗಲೆಲ್ಲ, ಕಣ್ಣು ಮುಚ್ಚಿದ ಒಂದು ಮುಖ ಅವಳಿಗೆ ಕಾಣುತ್ತಿತ್ತು.

ಹಾಡು ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಖಾಲಿ ಕುರ್ಚಿ ನೋಡುವುದು ಅಷ್ಟೇನೂ ಕಷ್ಟವಲ್ಲ.

ಆಗಸ್ಟ್ 9

ಹದಿನೈದು ದಿನದಿಂದ ಏನೂ ಹಾಕಿಲ್ಲ. ವಿದ್ಯುತ್ ಇಲ್ಲದ್ದೂ ಕಾರಣ, ಪರೀಕ್ಷೆಯ ಕೆಲಸವೂ ಕಾರಣ.

ಆಗಸ್ಟ್ 27

ಗೌರಿ ಗಣೇಶ ಹಬ್ಬಕ್ಕೆಂದು ಪ್ರಮೀಳಾ ಮೊನ್ನೆ ಬಂದಳು. ಬಿಸಿಲಿಗೆ ಕಪ್ಪಾಗಿದ್ದಾಳೆ, ಮಾತು ಹೆಚ್ಚಾಗಿದೆ. ಸ್ಕೂಲಿನ ಹೆಂಚು ಬದಲಿಸಿದ್ದು, ಬಿಸಿಯೂಟದ ಅಡುಗೆಯವರ ಜಗಳ ಬಿಡಿಸಿದ್ದು, ಗಣಿತವೆಂದರೆ ಓಡಿಹೋಗುತ್ತಿದ್ದ ಹುಡುಗಿಯರಿಗೆ ಸಂಜೆ ಪಾಠ ಮಾಡುತ್ತಿರುವುದು, ಎಲ್ಲ ಹೇಳಿದಳು. ಮನೆಯ ಒಡತಿ ಕುಳ್ಳಮ್ಮ ದಿನಾ ಸೊಪ್ಪು ತಂದುಕೊಡುತ್ತಾಳಂತೆ. ಇಷ್ಟೊಂದು ಸಂಗತಿಗಳು ನಡೆಯುವ ಊರಿರಬೇಕು ಅದು.

ಗೋಡೆ ನೋಡಿ, "ಇದೇನ್ರೀ ಗೋಡೆಗೆ ಕಂಬಳಿ ಹೊದ್ಸಿದೀರಾ? ಚಳಿಯಾ ಅದಕ್ಕೆ?" ಎಂದಳು.

ಹಿಂದಿನ ಧ್ವನಿ, ಬರಿಯ ಗೋಡೆ, ಅವಳ ಸಾಮಾನಿನ ಪಾತ್ರ, ಎಲ್ಲವನ್ನೂ ವಿವರಿಸಿದೆ. ಗಮನವಿಟ್ಟು ಕೇಳಿದಳು.

"ಅಂದ್ರೆ ನನ್ನ ಹಾಸಿಗೆ ವಾಪಸ್ ತಂದ್ಕೊಟ್ರೆ ಸರಿಹೋಗುತ್ತೆ."

"ಹಾಸಿಗೆ ಒಂದೇ ಅಲ್ಲ" ಎಂದೆ.

"ಬೀರೂ ಬೇಕೇನೋ" ಎಂದಳು.

ನಾನು ಹೇಳಬೇಕೆಂದಿದ್ದು ಅದಲ್ಲ. ಬೀದಿಯ ಕೊನೆಯ ಗಣಪತಿಯ ಮುಂದೆ ಸೌಂಡ್ ಬಾಕ್ಸ್ ಶುರುವಾಗಿತ್ತು. ಕಿಟಕಿಯ ಗಾಜು ಅದುರುತ್ತಿತ್ತು. ಹಲಗೆಗಳನ್ನು ಹಾಕಿದರೂ ಏನೂ ಕೇಳುತ್ತಿರಲಿಲ್ಲ.

ತಿಂಡಿ ತಿನ್ನುವಾಗ ಅವಳೇ ವಿಷಯ ತೆಗೆದಳು. ಪಾಲಹಳ್ಳಿಗೆ ಹೆಸರು ಬಂದವರು ಬೇರೆ ಕಡೆಗೆ ಹೋದರಂತೆ. ಜಾಗ ಮತ್ತೆ ಖಾಲಿ. ಈ ಸೋಮವಾರದೊಳಗೆ ಅರ್ಜಿ ಕೊಟ್ಟರೆ ಅವಳಿಗೇ ಸಿಗುತ್ತದೆ. ಆಮೇಲೆ ಇನ್ನೊಂದು ಅವಕಾಶ ಸದ್ಯಕ್ಕಿಲ್ಲ.

"ಏನ್ ಮಾಡ್ಲಿ?" ಎಂದಳು. ನನ್ನನ್ನೇ ನೋಡುತ್ತಿದ್ದಳು.

ಬಾಯಿಗೆ ಬಂದದ್ದು ಹಳೆಯ ಮಾತೇ. ಅದನ್ನು ನುಂಗಿದೆ. ಯೋಚನೆ ಮಾಡಿ ಹೇಳುತ್ತೇನೆಂದೆ.

"ಸೋಮವಾರದೊಳಗೆ ಮಾಡಿ" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಪಾತ್ರೆ ತೊಳೆಯುತ್ತ ವೀಣೆಯ ರೆಕಾರ್ಡಿನಲ್ಲಿರುವ ಆಲಾಪನೆಯನ್ನೇ ಗುನುಗುತ್ತಿದ್ದಳು. ಒಂದು ಸ್ವರವೂ ತಪ್ಪಲಿಲ್ಲ. ಇವಳಿಗೆ ಸಂಗೀತ ಹಿಡಿಸುವುದಿಲ್ಲ ಎಂದು ಲೋಕೇಶನಿಗೆ ಒಮ್ಮೆ ಹೇಳಿದ್ದೆ.

ಆಗಸ್ಟ್ 29

ನಿನ್ನೆ ಬೆಳಗಿನ ಬಸ್ಸಿಗೆ ಅವಳು ಹೋದಳು. ಫೋನಿನಲ್ಲಿ ಒಂದು ಸಂದೇಶ ಬರೆದು ಅಳಿಸಿದೆ. ಮತ್ತೆ ಬರೆದೆ. ಅದು ಓದಲು ಸರ್ಕಾರಿ ಸುತ್ತೋಲೆಯಂತಿತ್ತು.

ಕಾಲೇಜಿನಲ್ಲಿ ಲೋಕೇಶನಿಗೆ, ಭಾನುವಾರಕ್ಕೆ ಒಂದು ಗೂಡ್ಸ್ ಆಟೋ ಹೇಳು ಎಂದೆ.

"ಬಾಗ್ಲು ಮಾರ್ಬುಟ್ಟೇನ್ಲಾ?"

"ದೇವಲಾಪುರಕ್ಕೆ."

ಅವನು ಕನ್ನಡಕ ತೆಗೆದು ಒರೆಸಿದ. ಏನಾದರೂ ತಮಾಷೆ ಬರುತ್ತದೆಂದು ಕಾದೆ. "ಆ ಕುರ್ಚಿ ಒಂದ್ ಅಲ್ಲೇ ಬುಟ್ಟೋಗ್ ಕಣ್ಲಾ" ಎಂದ, ಅಷ್ಟೇ.

ಆಗಸ್ಟ್ 31, ಭಾನುವಾರ. ದೇವಲಾಪುರ

ದಾರಿಯುದ್ದಕ್ಕೂ ಆಟೋದ ಹಿಂಭಾಗದಲ್ಲಿ ಹಲಗೆಗಳ ನಡುವೆ ಕೂತು ಬಂದೆ. ಕಂಬಳಿಯನ್ನು ಅವಕ್ಕೆ ಸುತ್ತಿದ್ದೆ. ನಾಗಮಂಗಲದ ಸೀಮೆ ಬಂದ ಮೇಲೆ ಹಸಿರು ಕಡಿಮೆಯಾಯಿತು, ಹುರುಳಿ ಹೊಲ, ಬಂಡೆ. ಹಳ್ಳಗಳಲ್ಲಿ ಆಟೋ ಕುಣಿಯಿತು. ಒಂದೆರಡು ಕಡೆ ಅಂಟು ಬಿಟ್ಟಿರಲೂಬಹುದು.

ಬಾಗಿಲಲ್ಲಿ ಮೊದಲು ಸಿಕ್ಕಿದ್ದು ಕುಳ್ಳಮ್ಮ. ಹೆಸರಿಗೆ ತಕ್ಕ ಎತ್ತರ, ಎಲೆ ಅಡಿಕೆಯ ಬಾಯಿ.

"ಇದೇನ್ ಟೀಚರಮ್ಮ, ನಿಮ್ಮನೆಯೋರು ಬಾಗ್ಲು ಹೊತ್ಕಂಡ್ ಬಂದವ್ರೆ. ನಮ್ಮನೆ ಬಾಗ್ಲು ಗಟ್ಟಿಯಾಗೇ ಅವೆಯಲ್ಲ" ಎಂದು ಒಳಗೆ ಕೂಗಿದಳು.

"ಅವು ಹಾಡ್ತವೆ ಕುಳ್ಳಮ್ಮ" ಎನ್ನುತ್ತ ಪ್ರಮೀಳಾ ಕೈ ಒರೆಸಿಕೊಂಡು ಬಂದಳು. ನನ್ನನ್ನು ನೋಡಿದಳು, ಆಟೋ ನೋಡಿದಳು.

"ನಮ್ ಬಾಗ್ಲೂ ಹಾಡ್ತದೆ. ಒಂದ್ ತೊಟ್ಟು ಎಣ್ಣೆ ಬುಟ್ರೆ ಸುಮ್ಕಾಯ್ತದೆ" ಎಂದಳು ಕುಳ್ಳಮ್ಮ.

ಮುಂದಿನ ಕೋಣೆ ಚಿಕ್ಕದು. ಗೋಡೆಗೆ ಬೀರು, ಪಕ್ಕದಲ್ಲಿ ಹಾಸಿಗೆಯ ಸುರುಳಿ, ಪತ್ರಿಕೆಯ ಕಟ್ಟುಗಳು ಈಗಾಗಲೇ ಮಂಡಿಯೆತ್ತರಕ್ಕೆ ಬೆಳೆದಿವೆ. ಅವುಗಳ ಮುಂದೆ ಹಲಗೆಗಳನ್ನು ನಿಲ್ಲಿಸಿದರೆ ಹಿಂದೆ ಉಳಿದದ್ದು ಒಬ್ಬರು ಮೊಣಕಾಲು ಮಡಿಸಿ ಕೂರುವಷ್ಟು. ಗೋಡೆಗೆ ತೀರಾ ಹತ್ತಿರ. ಎಲ್ಲ ನಿಯಮಗಳಿಗೂ ವಿರುದ್ಧ. ತಂತಿ ಜೋಡಿಸಿ, ಮಧ್ಯಕ್ಕೆ ಅವಳ ಪ್ಲಾಸ್ಟಿಕ್ ಕುರ್ಚಿ ಎಳೆದು, ಕೂತ್ಕೋ ಎಂದೆ.

"ನೀವು?"

ಹಿಂದೆ ಹೋಗಿ ಹಾಸಿಗೆಗೆ ಒರಗಿ ಕೂತೆ.

ವೀಣೆಯ ರೆಕಾರ್ಡನ್ನೇ ಹಾಕಿದ್ದೆ. ಮೊದಲು ಅವಳು ಸುತ್ತ ನೋಡಿದಳು, ಸೆರಗು ಸರಿಮಾಡಿಕೊಂಡಳು, ಅಡುಗೆಮನೆಯ ಕಡೆ ಕಿವಿ ಕೊಟ್ಟಳು. "ವೀಣೆ ಈ ಕಡೆನಾ ಇರೋದು" ಎಂದಳು ಒಮ್ಮೆ, ತನಗೇ. ಆಮೇಲೆ ಕಣ್ಣು ಮುಚ್ಚಿದಳು.

ಸಂದಿಯಲ್ಲಿ ಅವಳ ಮುಖವೊಂದೇ ಕಾಣುತ್ತಿತ್ತು. ಇಷ್ಟು ಹೊತ್ತು ಆ ಮುಖವನ್ನು ನಾನು ನೋಡಿದ್ದು ಯಾವಾಗ ಎಂದು ಯೋಚಿಸಿದೆ. ಹುಬ್ಬಿನ ನಡುವೆ ಒಂದು ಗೆರೆ ಇದೆ, ಹೊಸದಲ್ಲ, ನನಗೆ ಹೊಸದು. ನಾಳೆ ಸೋಮವಾರ. ಹೇಳಬೇಕಾದ ಮಾತು ಕೊನೆಗೂ ಪೂರ್ತಿಯಾಗಿ ನಾಲಿಗೆಗೆ ಬಂದಿತ್ತು, ಮತ್ತೆ ತಪ್ಪಿಹೋದೀತೆಂದು ಭಯವಾಯಿತು.

"ಪ್ರಮೀಳಾ, ನಾಳೆ..."

ಅವಳು ಕಣ್ಣು ತೆರೆಯದೆ ಅಂಗೈ ಎತ್ತಿದಳು.

ಕಾದೆ. ಈ ಆಲಾಪನೆ ಇಷ್ಟು ಉದ್ದವೆಂದು ನನಗೆ ಗೊತ್ತಿರಲಿಲ್ಲ.

ಮುಗಿದ ಮೇಲೆ ಕಣ್ಣು ತೆರೆದು, "ಈಗ ಹೇಳಿ" ಎಂದಳು.

"ಪಾಲಹಳ್ಳಿ ತಗೋ. ಮನೆಗೆ ಬಾ. ಇದು ನನ್ನಿಷ್ಟ."

ಸಂದಿಯಲ್ಲಿ ನಗು ಕಂಡಿತು, ಆಮೇಲೆ ಹೋಯಿತು. "ಇದನ್ನ ಜೂನ್‌ನಲ್ಲಿ ಹೇಳಿದ್ರೆ ಬಂದ್ಬಿಡ್ತಿದ್ದೆ" ಎಂದಳು. ಅವಳು ಮುಂದೆ ಹೇಳಿದ್ದು ಇಷ್ಟು. ಇಲ್ಲಿ ಶುರುಮಾಡಿದ್ದು ಅರ್ಧವಾಗಿದೆ. ಆ ಹುಡುಗಿಯರು ಮಾರ್ಚಿನಲ್ಲಿ ಪರೀಕ್ಷೆಗೆ ಕೂರಬೇಕು. ಬೆಳಿಗ್ಗೆ ಎದ್ದರೆ ಏನು ಮಾಡಬೇಕೆಂದು ಇಲ್ಲಿ ಅವಳಿಗೆ ಗೊತ್ತಿರುತ್ತದೆ. ಅರ್ಜಿ ಕೊಡುವುದಿಲ್ಲ.

ನಾನು ಹಿಂದೆಯೇ ಕೂತಿದ್ದೆ. ಹಾಸಿಗೆಯಲ್ಲಿ ನಮ್ಮ ಮನೆಯ ವಾಸನೆ ಇನ್ನೂ ಇತ್ತು.

"ನಾನ್ ಬರಲ್ಲ ರೀ. ನೀವಿರಿ. ಇಲ್ಲಿಂದ್ಲೂ ಕೆ.ಆರ್. ಪೇಟೆಗೆ ಬಸ್ಸಿದೆ" ಎಂದಳು. ನಾನು ಏನಾದರೂ ಹೇಳುವ ಮೊದಲೇ, "ಅದನ್ನ ಇನ್ನೊಂದ್ಸಲ ಹಾಕಿ. ಮಧ್ಯೆ ಮಾತಾಡ್ಬಿಟ್ರಿ."

ಸೆಪ್ಟೆಂಬರ್ 14, ಭಾನುವಾರ

ನಾಗಮಂಗಲದಲ್ಲಿ ಬಸ್ಸು ಬದಲಿಸಬೇಕು, ಅದೊಂದೇ ತೊಂದರೆ. ಶುಕ್ರವಾರ ಮೊದಲ ತರಗತಿ ತಪ್ಪಿತು. ಲೋಕೇಶ್ ನನ್ನ ಹುಡುಗರಿಗೆ ಯಾವುದೋ ಯುದ್ಧದ ಕಥೆ ಹೇಳುತ್ತ ಕೂರಿಸಿದ್ದ. ಶ್ರೀರಂಗಪಟ್ಟಣದ ಮನೆಗೆ ಹೋಗಿ ಕಿಟಕಿ ತೆರೆದು ಬರಬೇಕು, ಈ ವಾರವೂ ಆಗಲಿಲ್ಲ.

ಹಲಗೆಗಳು ಇನ್ನೂ ಗೋಡೆಗೆ ಹತ್ತಿರವೇ ಇವೆ. ಧ್ವನಿ ಸರಿಯಾಗಿಲ್ಲ. ಸಂಜೆ ಪಾಠಕ್ಕೆ ಬರುವ ಹುಡುಗಿಯರು ಕೋಣೆಯ ತುಂಬ ಕೂರುತ್ತಾರೆ, ಕುಳ್ಳಮ್ಮ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಾಳೆ. ಪಾಠ ಮುಗಿದ ಮೇಲೆ ಏನಾದರೂ ಹಾಕಿ ಎನ್ನುತ್ತಾರೆ, ಹಾಕುತ್ತೇನೆ. ಯಾರಿಗೂ ಸರಿಯಾದ ಜಾಗವಿಲ್ಲ. ಮುಂದೆಂದಾದರೂ ಅಳತೆ ನೋಡಿ ಸರಿಸಬೇಕು.

ಬೆಳಿಗ್ಗೆ ಎಡಗಡೆಯ ಹಲಗೆಯ ಮೇಲೆ ಒದ್ದೆ ಟವಲು ನೇತಾಡುತ್ತಿತ್ತು. ಹಾಕಿದವನು ನಾನೇ.